ಕನ್ನಡಿಯೂ ಕಡಲಂಚಿನ ಬಂಡೆಯೂ

ಪೌಲಿನಾ ಅವನ ಮುಖ ಕಂಡವಳಲ್ಲ. ಸೆರೆಯಲ್ಲಿ ಅವಳ ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಹದಿನೈದು ವರ್ಷಗಳ ಮೇಲೆ, ನಡುದಾರಿಯಲ್ಲಿ ಸಿಕ್ಕಿಬಿದ್ದ ಗಂಡನನ್ನು ಮನೆ ಮುಟ್ಟಿಸಿದ ಡಾಕ್ಟರನ ಮಾತು ಕಿವಿಗೆ ಬಿದ್ದದ್ದೇ ತಡ, ಇವನೇ ಅವನು ಎನ್ನುತ್ತಾಳೆ. ಸಾಕ್ಷಿ ಏನು? ದನಿ, ನಗು, ಮೈಯ ವಾಸನೆ. ಮತ್ತೆ ಅವನ ಕಾರಿನಲ್ಲಿ ಸಿಕ್ಕ ಶೂಬರ್ಟನ ಕ್ಯಾಸೆಟ್ಟು. ಆ ಸಂಗೀತ ಹಾಕಿಕೊಂಡೇ ಅವಳನ್ನು ಹಿಂಸಿಸಿದ್ದರು.

ಏರಿಯಲ್ ಡಾರ್ಫ್‌ಮನ್ ಬರೆದ ‘ಡೆತ್ ಅಂಡ್ ದ ಮೇಡನ್’ ನಾಟಕಕ್ಕೆ ಆ ಹೆಸರು ಶೂಬರ್ಟನ ಕೃತಿಯದೇ. ಚಿಲಿಯಲ್ಲಿ 1990ರಲ್ಲಿ ಸರ್ವಾಧಿಕಾರಿ ಪಿನೋಚೆ ಅಧ್ಯಕ್ಷಗಾದಿ ಬಿಟ್ಟ ಮೇಲೆ ರಚಿಸಿದ ಆಯೋಗ ಕೊಲೆಯಾದವರ, ಕಾಣೆಯಾದವರ ಪ್ರಕರಣಗಳನ್ನಷ್ಟೇ ವಿಚಾರಿಸಿತು. ಚಿತ್ರಹಿಂಸೆ ತಿಂದು ಬದುಕಿ ಬಂದವರ ಕಥೆ ಅದರ ಕಡತಕ್ಕೆ ಹೊರಗು. ಪೌಲಿನಾಳ ಗಂಡ ಅಂಥದೇ ಆಯೋಗದ ಸದಸ್ಯ! ಅವಳು ಡಾಕ್ಟರನನ್ನು ಕುರ್ಚಿಗೆ ಕಟ್ಟಿ, ಪಿಸ್ತೂಲು ಹಿಡಿದು, ಮನೆಯಲ್ಲೇ ಕೋರ್ಟು ನಡೆಸುವುದು ಅದಕ್ಕೇ.

ನಾಟಕದಲ್ಲಿ ಅವನು ತಪ್ಪೊಪ್ಪಿಕೊಳ್ಳುತ್ತಾನೆ, ಆದರೆ ಜೀವಭಯದಲ್ಲಿ, ಅವಳ ಗಂಡ ಗುಟ್ಟಾಗಿ ಹೇಳಿಕೊಟ್ಟದ್ದನ್ನು. ತಾನು ಗಂಡನಿಗೆ ಹೇಳಿದ ಕಥೆಯಲ್ಲಿ ಬೇಕೆಂದೇ ಬೆರೆಸಿದ್ದ ಸಣ್ಣ ತಪ್ಪುಗಳನ್ನು ಅವನೇ ತಿದ್ದಿದನೆಂದು ಅವಳ ವಾದ. ನಂಬುವುದೋ ಬಿಡುವುದೋ? ಅಷ್ಟರಲ್ಲಿ ದೊಡ್ಡದೊಂದು ಕನ್ನಡಿ ಇಳಿದು ಪಾತ್ರಗಳನ್ನು ಮರೆಮಾಡುತ್ತದೆ. ಅದರಲ್ಲಿ ಪ್ರೇಕ್ಷಕರಿಗೆ ಕಾಣುವುದು ತಮ್ಮದೇ ಮುಖ. ಡಾಕ್ಟರ ಸತ್ತನೋ ಉಳಿದನೋ ಎಂಬುದೂ ತಿಳಿಯುವುದಿಲ್ಲ. ಓದುವಾಗಲೇ ಬೆನ್ನು ನೆಟ್ಟಗಾಗಿಸುವ ರಂಗಸೂಚನೆ ಅದು.

ರೋಮನ್ ಪೊಲಾನ್‌ಸ್ಕಿಯ 1994ರ ಸಿನಿಮಾದಲ್ಲಿ ಕನ್ನಡಿಯಿಲ್ಲ, ಕಡಲಂಚಿನ ಬಂಡೆಯಿದೆ. ಚಿತ್ರಕಥೆಯಲ್ಲಿ ಡಾರ್ಫ್‌ಮನ್ನನ ಕೈಯೂ ಇದ್ದುದರಿಂದ ದೂರು ಯಾರಿಗೆ ಹೇಳುವುದು! ಆ ತುದಿಯಲ್ಲಿ ಡಾಕ್ಟರನಾದ ಬೆನ್ ಕಿಂಗ್ಸ್‌ಲಿ ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ. ಕ್ಯಾಮೆರಾ ಕದಲದೆ ಅವನ ಮುಖವನ್ನೇ ನೋಡುತ್ತದೆ. ಪಶ್ಚಾತ್ತಾಪಕ್ಕಿಂತ ಹೆಚ್ಚಾಗಿ, ಆ ಅಧಿಕಾರ ಎಷ್ಟು ಹಿತವಾಗಿತ್ತೆಂಬ ನೆನಪು ಅಲ್ಲಿ ತೇಲುತ್ತದೆ. ಅಷ್ಟು ಹತ್ತಿರದ ಮುಖವನ್ನು ಯಾವ ರಂಗಮಂದಿರವೂ ಕೊನೆಯ ಸಾಲಿಗೆ ತಲುಪಿಸಲಾರದು. ಕೇಳುತ್ತಾ ನಿಲ್ಲುವ ಪೌಲಿನಾ, ಅಂದರೆ ಸಿಗೋರ್ನಿ ವೀವರ್‌ಳ ಮೌನವೂ ಅದಕ್ಕೆ ಸಮನಾದದ್ದು. ಆದರೂ ನಮ್ಮ ತಲೆಯ ಮೇಲಿದ್ದ ತೀರ್ಪಿನ ಹೊರೆಯನ್ನು ಸಿನಿಮಾ ಇಳಿಸಿಬಿಡುತ್ತದೆ. ನನ್ನ ಮಟ್ಟಿಗೆ ಅದು ನಷ್ಟವೇ.

ಕೊನೆಯ ದೃಶ್ಯವೊಂದಕ್ಕೆ ಮಾತ್ರ ನನ್ನ ತಕರಾರಿಲ್ಲ. ಸಂಗೀತ ಸಭೆ, ಅದೇ ಶೂಬರ್ಟ್. ಕೆಳಗೆ ಗಂಡನ ಪಕ್ಕ ಪೌಲಿನಾ. ಮೇಲಿನ ಬಾಲ್ಕನಿಯಲ್ಲಿ ಹೆಂಡತಿ ಮಕ್ಕಳೊಂದಿಗೆ ಡಾಕ್ಟರ. ಅವಳತ್ತ ಒಮ್ಮೆ ನೋಡುತ್ತಾನೆ, ಆಮೇಲೆ ಮಗನ ತಲೆ ನೇವರಿಸುತ್ತಾನೆ.