ಸುರಪುರದ ಅರಸ, ಟೇಲರ್‌ನ ಲೇಖನಿ

ಆಡಕಿ, ಸೇಡಂ, ಚಿತ್ತಾಪುರ ಕಡೆಯವರು ತಮ್ಮ ಮನೆತನದಲ್ಲಿ ಯಾರಾದರೂ ಕರಿನೀರಿಗೆ ಹೋಗಿದ್ದರೇ ಎಂದು ಹುಡುಕಲು ಹೊರಟರೆ ಬೇಗ ಕೈಗೆ ಸಿಗುವ ಪುಸ್ತಕ ಬ್ರಿಟಿಷ್ ಅಧಿಕಾರಿ, ಕಾದಂಬರಿಕಾರ ಮೆಡೋಸ್ ಟೇಲರ್‌ನ ಆತ್ಮಕಥೆ ‘ಸ್ಟೋರಿ ಆಫ್ ಮೈ ಲೈಫ್’. ಅವನು ತೀರಿಕೊಂಡ ಮರುವರ್ಷ, 1877ರಲ್ಲಿ, ಮಗಳು ಆಲಿಸ್ ಅದನ್ನು ಹೊರತಂದಳು. ಸುರಪುರದ ರಾಜಾ ವೆಂಕಟಪ್ಪ ನಾಯಕನ ಕೊನೆಯ ದಿನಗಳನ್ನು ಇಷ್ಟು ಹತ್ತಿರದಿಂದ ಕಂಡು ಬರೆದ ಬೇರೆ ಬರಹವನ್ನು ನಾನು ಓದಿಲ್ಲ. ಅದಕ್ಕೆಂದೇ ಅದನ್ನು ಎಚ್ಚರದಿಂದ ಓದಬೇಕು ಎನ್ನುತ್ತೇನೆ.

ಅರಸ ಇಂಗ್ಲಿಷರ ವಿರುದ್ಧ ಬಂಡೆದ್ದ, 1858ರ ಫೆಬ್ರುವರಿಯಲ್ಲಿ ಸುರಪುರ ಅವರ ಕೈಸೇರಿತು. ಹೈದರಾಬಾದಿಗೆ ಹೋದ ಅರಸ ಸೆರೆಸಿಕ್ಕ, ನಿಜಾಮನ ದಿವಾನ ಸಾಲಾರ್ ಜಂಗ್ ಅವನನ್ನು ಬ್ರಿಟಿಷ್ ರೆಸಿಡೆಂಟನಿಗೆ ಒಪ್ಪಿಸಿದ. ವಿಚಾರಣೆ ನಡೆದು ಮರಣದಂಡನೆಯಾಯಿತು. ರೆಸಿಡೆಂಟ್ ಅದನ್ನು ಜೀವಾವಧಿ ಕರಿನೀರಿಗೆ ಇಳಿಸಿದ. ಗವರ್ನರ್ ಜನರಲ್ ಮತ್ತೂ ಇಳಿಸಿ, ಮದ್ರಾಸಿನ ಹತ್ತಿರದ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷ ಸೆರೆ ಎಂದ. ಆ ಕೋಟೆಯನ್ನು ಅರಸ ಕಾಣಲೇ ಇಲ್ಲ. ದಾರಿಯ ಬಿಡಾರದಲ್ಲಿ ಕಾವಲಿನ ಅಧಿಕಾರಿಯ ರಿವಾಲ್ವರ್ ಹಾರಿತು, ಅರಸ ಸತ್ತ.

ಟೇಲರ್‌ನ ಬರಹಕ್ಕೆ ಕಸುವು ಬರುವುದು ಸೆರೆಮನೆಯ ಭೇಟಿಯಲ್ಲಿ. ಸಣ್ಣವನಿದ್ದಾಗಿನಿಂದ ಅರಸ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಈಗ ಅದೇ ಅಪ್ಪನ ಮುಂದೆ ಕೈದಿಯಾಗಿ, ನನ್ನನ್ನು ನೇಣಿಗೆ ಹಾಕುವುದು ಬೇಡ, ತೋಪಿನ ಬಾಯಿಗೆ ಕಟ್ಟಲಿ ಎಂದು ಕೇಳಿಕೊಳ್ಳುತ್ತಾನೆ. ಇಪ್ಪತ್ತರ ಹರೆಯದ ಬೇಡರ ಅರಸನಿಗೆ ಸಾವಿಗಿಂತ ಸಾಯಿಸುವ ಬಗೆ ದೊಡ್ಡದಾಗಿತ್ತು. ಕಂಪನಿ ಸರಕಾರದ ಅಧಿಕಾರಿಯೊಬ್ಬ ಈ ಮಾತನ್ನು ಮುಚ್ಚಿಡದೆ ಬರೆದದ್ದಕ್ಕೆ ನಾವು ಋಣಿಯಾಗಿರಬೇಕು.

ಮುಂದೆ ಕಾದಂಬರಿಕಾರ ಟೇಲರ್ ಅಧಿಕಾರಿ ಟೇಲರ್‌ನನ್ನು ಹಿಂದೆ ಹಾಕುತ್ತಾನೆ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅರಸನ ಸಾವು ಎಂದು ಜಾತಕ ಹೇಳಿತ್ತಂತೆ. ಶಿಕ್ಷೆ ಇಳಿದಾಗ ಜಾತಕ ಸುಳ್ಳಾಯಿತು ಎಂದುಕೊಳ್ಳುವಷ್ಟರಲ್ಲಿ ಸಾವಿನ ಸುದ್ದಿ ಬಂತಂತೆ. ಓದಲು ಮೈ ಜುಮ್ಮೆನ್ನುತ್ತದೆ. ಆದರೆ ಕೈದಿಯ ಕೈಗೆಟುಕುವ ಹಾಗೆ ತುಂಬಿದ ರಿವಾಲ್ವರನ್ನು ಏಕೆ ಬಿಟ್ಟಿದ್ದರು ಎಂದು ಕೇಳಬೇಕಾದ ಕಡೆ ವಿಧಿ ಬಂದು ಕೂತುಬಿಡುತ್ತದೆ. ಅರಸ ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡವನೇ ಟೇಲರ್. ಹುಡುಗ ಹಾಳಾದದ್ದು ಕೆಟ್ಟ ಸಹವಾಸದಿಂದ, ಸತ್ತದ್ದು ಗ್ರಹಗತಿಯಿಂದ ಎಂದಾದರೆ ಸಾಕಿದವನ ಮೇಲೂ ಸರಕಾರದ ಮೇಲೂ ಮಾತು ಬರುವುದಿಲ್ಲ. ಈ ಅಧ್ಯಾಯದ ದೊಡ್ಡ ಕೊರತೆ ಇದು. ಇನ್ನೊಂದು ಕೊರತೆಯೂ ಇದೆ. ಅರಸನ ಜೊತೆ ಬಡಿದಾಡಿದ ಬೇಡರು ಇಲ್ಲಿ ಬರಿಯ ಗುಂಪು. ಅವರ ಮನೆ, ಊರು, ಮಕ್ಕಳ ಮಾತಿಲ್ಲ.

ನಿಜಾಮರ ಸೀಮೆಯಿಂದ ನಿಜವಾಗಿ ಕಡಲು ದಾಟಿದವರಲ್ಲಿ ಮೌಲ್ವಿ ಅಲಾವುದ್ದೀನ್ ಒಬ್ಬ. 1857ರ ಜುಲೈ 17ರಂದು ತುರ್ರೆಬಾಜ್ ಖಾನ್ ಜೊತೆ ಹೈದರಾಬಾದಿನ ರೆಸಿಡೆನ್ಸಿಯ ಮೇಲೆ ನುಗ್ಗಿದವನು. 1859ರಲ್ಲಿ ಅಂಡಮಾನ್ ಸೇರಿದ, ಅಲ್ಲೇ ಮಣ್ಣಾದ. ಅವನಿಗೆ ಟೇಲರ್‌ನಂಥ ಕತೆಗಾರ ಸಿಗಲಿಲ್ಲ. ಸಿಕ್ಕಿದ್ದು ಸರಕಾರಿ ಕಡತ.

ಕಡತದಿಂದ ಬದುಕು ಕಟ್ಟುವುದು ಹೇಗೆಂದು ಇತಿಹಾಸಕಾರ್ತಿ ಕ್ಲೇರ್ ಆಂಡರ್ಸನ್ 2012ರ ‘ಸಬಾಲ್ಟರ್ನ್ ಲೈವ್ಸ್’ನಲ್ಲಿ ತೋರಿಸಿದ್ದಾರೆ. ಬೇರೆ ಬೇರೆ ಕಡೆ ಚದುರಿದ ಕಾಗದಗಳನ್ನು ಜೋಡಿಸಿ ಒಬ್ಬೊಬ್ಬರನ್ನೇ ಹಿಂಬಾಲಿಸುವ ಅವರ ತಾಳ್ಮೆ ನನಗೆ ಬಹಳ ಹಿಡಿಸಿತು. ಆದರೂ ಸರಕಾರದ ಲೇಖನಿ ಮುಟ್ಟಿದ ಕಡೆಯಷ್ಟೇ ಮನುಷ್ಯ ಕಾಣುತ್ತಾನೆ. ಅವನು ಹೋದ ಮೇಲೆ ಹೊಲ ಯಾರ ಪಾಲಾಯಿತು, ಹೆಂಡತಿ ಕುಂಕುಮ ಅಳಿಸಿದಳೋ ಇಟ್ಟುಕೊಂಡೇ ಕಾದಳೋ, ಇದು ಊರಿನ ಹಿರಿಯರ ಬಾಯಲ್ಲಿ ಸಿಗಬೇಕು.

ಇಂಥದೇ ಗಡೀಪಾರಿನ ನೆಲವಾಗಿದ್ದ ಟಾಸ್ಮೇನಿಯದ ಕೈದಿಗಳ ದಾಖಲೆಗಳಲ್ಲಿ ಹುಟ್ಟೂರು, ಕಸುಬು, ಮೈಮೇಲಿನ ಗುರುತುಗಳೂ ಇವೆ. ಅಲ್ಲಿನ ಮರಿಮಕ್ಕಳು ಮನೆಯಲ್ಲೇ ಕೂತು ಅವನ್ನು ಓದುತ್ತಾರೆ. ನಮ್ಮವರು ನಿಜಾಮ ಸರಕಾರದ ಫಾರಸಿ, ಉರ್ದು ಕಾಗದಕ್ಕೆ ಹೈದರಾಬಾದಿಗೂ, ಪೋರ್ಟ್ ಬ್ಲೇರ್ ಕಡತಗಳಿಗೆ ದಿಲ್ಲಿಗೂ, ಉಳಿದದ್ದಕ್ಕೆ ಲಂಡನ್ನಿಗೂ ಅಲೆಯಬೇಕು. 1956ರಲ್ಲಿ ಕಲಬುರಗಿ ಜಿಲ್ಲೆ ಕನ್ನಡ ನಾಡು ಸೇರಿತು, ಅದರ ಹಳೆಯ ಕಾಗದಪತ್ರ ಕನ್ನಡಕ್ಕೆ ಬರಲಿಲ್ಲ. ಸುರಪುರ ಪ್ರಕರಣದ ಕಾಗದಗಳನ್ನಾದರೂ ಕನ್ನಡಕ್ಕೆ ತಂದು, ಊರುವಾರು ಹೆಸರುಗಳ ಪಟ್ಟಿಯ ಸಮೇತ ನಮ್ಮ ವಿಶ್ವವಿದ್ಯಾಲಯಗಳು ಅಚ್ಚು ಹಾಕಿಸಬೇಕು. ಟೇಲರ್ ಹೇಳಿದ್ದನ್ನು ಒರೆಗೆ ಹಚ್ಚಲು ಬೇಡರ ಮನೆಯ ಹುಡುಗರಿಗೆ ಆಗ ಒಂದು ಆಧಾರ ಸಿಗುತ್ತದೆ.