ಕೆನ್ನೆ, ಮೂಗು, ಗದ್ದ

ಪಾದ ಒಳಕ್ಕೆ ತಿರುಚಿಕೊಂಡು ಹುಟ್ಟಿದ ಕೂಸಿನ ಹಿಮ್ಮಡಿಯನ್ನು ವೈದ್ಯರು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತಾರೆ. ಕೆನ್ನೆಯ ಹಾಗೆ ಮೆತ್ತಗಿದ್ದರೆ ಒಂದು ಅಂಕ. ಮೂಗಿನ ತುದಿಯ ಹಾಗಿದ್ದರೆ ಅರ್ಧ. ಗದ್ದ ಮುಟ್ಟಿದಂತೆ ಮೂಳೆ ಬೆರಳಿಗೆ ಸಿಕ್ಕರೆ ಸೊನ್ನೆ. ತಿರುಚಿದ ಪಾದದಲ್ಲಿ ಹಿಮ್ಮಡಿಯ ಮೂಳೆ ಮೇಲಕ್ಕೆ ಸೆಳೆದುಕೊಂಡಿರುತ್ತದೆ. ಚಿಕಿತ್ಸೆ ಹಿಡಿದಂತೆಲ್ಲ ಕೆಳಗಿಳಿದು ತನ್ನ ಜಾಗ ತುಂಬುತ್ತದೆ. ಎಕ್ಸ್‌ರೇ ಬೇಡ, ಯಂತ್ರ ಬೇಡ. ಕಲಿಯುವವರು ತಮ್ಮದೇ ಮುಖ ಮುಟ್ಟಿಕೊಂಡು ಪಾಠ ಕಲಿಯಬಹುದು. ವೈದ್ಯಶಾಸ್ತ್ರದಲ್ಲಿ ಇಷ್ಟು ಚೆಲುವಾದ ಅಳತೆಯನ್ನು ನಾನು ಬೇರೆ ಕಂಡಿಲ್ಲ.

ಕೆನಡಾದ ಮೂಳೆತಜ್ಞ ಶಫೀಕ್ ಪಿರಾನಿ ರೂಪಿಸಿದ ಅಂಕಪಟ್ಟಿ ಇದು. ಹಿಮ್ಮಡಿಯೂ ಸೇರಿ ಆರು ಗುರುತುಗಳು: ಪಾದದ ಹೊರ ಅಂಚಿನ ಬಾಗು, ಒಳಬದಿಯ ಮಡಿಕೆ, ಹಿಂಬದಿಯ ಮಡಿಕೆ, ಹೀಗೆ. ಆರಕ್ಕೆ ಆರು ಬಂದರೆ ತೀರ ಬಿಗಿಯಾದ ಪಾದ. ವಾರಕ್ಕೊಮ್ಮೆ ಪ್ಲಾಸ್ಟರ್ ಬಿಚ್ಚಿ, ಪಾದವನ್ನು ಇನ್ನಷ್ಟು ಹೊರಕ್ಕೆ ತಿರುಗಿಸಿ, ಮತ್ತೆ ಪ್ಲಾಸ್ಟರ್ ಹಾಕುವಾಗ ಈ ಅಂಕ ಇಳಿಯುತ್ತ ಬರುವುದನ್ನು ಬರೆದಿಟ್ಟ ಹಾಳೆಯೊಂದು ಸಿಕ್ಕರೆ ಓದಬೇಕು. ಅಂಕ ಕಡಿಮೆಯಾದಷ್ಟೂ ಮನೆಮಂದಿ ಹಿಗ್ಗುವ ಪರೀಕ್ಷೆ ಅದು.

ಈ ಪ್ಲಾಸ್ಟರ್ ವಿದ್ಯೆ ಇಗ್ನಾಸಿಯೊ ಪೊನ್ಸೆಟಿಯವರದು. 1914ರಲ್ಲಿ ಸ್ಪೇನಿನ ಮೆನೋರ್ಕಾ ದ್ವೀಪದಲ್ಲಿ, ಗಡಿಯಾರ ರಿಪೇರಿಯವರ ಮಗನಾಗಿ ಹುಟ್ಟಿದವರು. ಅಂತರ್ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ, 1941ರಲ್ಲಿ ಅಮೆರಿಕದ ಅಯೋವಾಕ್ಕೆ ಬಂದರು. ಅವರ ವಿಧಾನದ ಮೊದಲ ಹೆಜ್ಜೆಯೇ ನೋಡುವವರನ್ನು ಬೆಚ್ಚಿಬೀಳಿಸುತ್ತದೆ. ಮೊದಲೇ ತಿರುಚಿದ ಪಾದದ ಹೆಬ್ಬೆರಳ ಬದಿಯನ್ನು ಮೇಲಕ್ಕೆತ್ತುತ್ತಾರೆ. ಸೊಟ್ಟ ಇನ್ನೂ ಹೆಚ್ಚಾದಂತೆ ಕಾಣುತ್ತದೆ. ಆದರೆ ಪಾದದ ಮುಂಭಾಗ ಹಿಂಭಾಗದ ಜೊತೆ ಒಂದೇ ಸಾಲಿಗೆ ಬರುವುದು ಆಗಲೇ. ಆಮೇಲೆ ಕಣಕಾಲಿನ ಕೆಳಗಿನ ಟೇಲಸ್ ಮೂಳೆಯ ಮೇಲೆ ಹೆಬ್ಬೆರಳಿಟ್ಟುಕೊಂಡು ಉಳಿದ ಪಾದವನ್ನೆಲ್ಲ ಅದರ ಸುತ್ತ ಹೊರಕ್ಕೆ ತಿರುಗಿಸುತ್ತಾರೆ. ಅವರಿಗಿಂತ ಮುಂಚಿನವರು ಹೆಬ್ಬೆರಳಿಟ್ಟ ಜಾಗ ಬೇರೆ, ಅಲ್ಲಿ ಒತ್ತಿದರೆ ಹಿಮ್ಮಡಿ ತಿರುಗುತ್ತಲೇ ಇರಲಿಲ್ಲ. ಒಂದು ಹೆಬ್ಬೆರಳು ಎಲ್ಲಿರಬೇಕು ಎಂಬುದರಲ್ಲಿ ಎಷ್ಟು ಮಕ್ಕಳ ನಡಿಗೆ ಅಡಗಿತ್ತು!

ಐದಾರು ಪ್ಲಾಸ್ಟರ್ ಆದ ಮೇಲೆ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಹಿಂದಿನ ಗಟ್ಟಿ ಸ್ನಾಯುರಜ್ಜುವನ್ನು ಸಣ್ಣ ಗಾಯದ ಮೂಲಕ ಕತ್ತರಿಸುತ್ತಾರೆ. ಮೂರು ವಾರದ ಕೊನೆಯ ಪ್ಲಾಸ್ಟರಿನೊಳಗೆ ಅದು ಉದ್ದವಾಗಿ ಕೂಡಿಕೊಳ್ಳುತ್ತದೆ. ಬಳಿಕ ಸರಳಿಗೆ ಜೋಡಿಸಿದ ಬೂಟು: ಮೂರು ತಿಂಗಳು ದಿನಕ್ಕೆ 23 ಗಂಟೆ, ಮುಂದೆ ನಾಲ್ಕು ವರ್ಷ ತುಂಬುವವರೆಗಾದರೂ ನಿದ್ದೆಯ ಹೊತ್ತಿಗೆ. ಬೂಟು ಬಿಟ್ಟರೆ ಸೊನ್ನೆ ಅಂಕ ಪಡೆದ ಪಾದವೂ ಮತ್ತೆ ತಿರುಗಬಹುದು. ಅಂಕಪಟ್ಟಿ ಇಲ್ಲಿಗೆ ಸಾಲದು. ಓಡಾಡುವ ಮಗುವಿನ ಪಾದ ಗೆದ್ದಿತೇ ಎಂದು ಹೇಳಲು ಬೇರೆ ಅಳತೆ ಬೇಕು.

ಅದನ್ನು ಹುಡುಕಿದವರು ಜಿಂಬಾಬ್ವೆಯ ಹರಾರೆಯಲ್ಲಿ ಚಿಕಿತ್ಸೆ ಪಡೆದ ಮಕ್ಕಳನ್ನು ಪರೀಕ್ಷಿಸಿದ ಟ್ರೇಸಿ ಸ್ಮೈತ್ ಮತ್ತು ಜೊತೆಗಾರರು. ‘ಆಕ್ಟ್’ ಎಂಬ ಅವರ ಅಳತೆಯಲ್ಲಿ ಇರುವುದು ನಾಲ್ಕೇ ಅಂಶ. ಪಾದ ನೆಲಕ್ಕೆ ಸಮನಾಗಿ ಊರುತ್ತದೆಯೇ ಎಂದು ನೋಡುವುದೊಂದು. ಉಳಿದ ಮೂರು ಮನೆಯವರಿಗೇ ಕೇಳುವ ಪ್ರಶ್ನೆ: ಮಗು ನೋವು ಅನ್ನುತ್ತದೆಯೇ? ಇಷ್ಟಪಟ್ಟ ಚಪ್ಪಲಿ, ಶೂ ಹಾಕಿಕೊಳ್ಳಲು ಆಗುತ್ತದೆಯೇ? ಈ ಪಾದ ನಿಮಗೆ ಸಮಾಧಾನ ತಂದಿದೆಯೇ? ಶೂ ಬಗೆಗಿನ ಆ ಪ್ರಶ್ನೆಗೆ ನಾನು ಮನಸೋತಿದ್ದೇನೆ. ಅಂಗಡಿಯಲ್ಲಿ ಎಲ್ಲ ಮಕ್ಕಳ ಹಾಗೆ ಬೆರಳು ತೋರಿಸಿ ‘ಅದು ಬೇಕು’ ಅನ್ನುವ ಹಕ್ಕನ್ನು ಅದು ಚಿಕಿತ್ಸೆಯ ಫಲವೆಂದು ಎಣಿಸುತ್ತದೆ.

ದೊಡ್ಡವರಾದ ಮೇಲೆ ಈ ಪಾದಗಳು ಹೇಗಿರುತ್ತವೆಂದು ತಿಳಿಯಲು ಪೊನ್ಸೆಟಿಯವರ ಹಳೆಯ ರೋಗಿಗಳನ್ನು ಅಯೋವಾದ ಕೂಪರ್ ಮತ್ತು ಡೀಟ್ಸ್ ಮತ್ತೆ ಕರೆಸಿ ನೋಡಿ 1995ರಲ್ಲಿ ಪ್ರಕಟಿಸಿದರು. 45 ಮಂದಿ, 71 ಪಾದಗಳು, ಸರಾಸರಿ ವಯಸ್ಸು 34. ನೋವು ಮತ್ತು ಓಡಾಟದ ಲೆಕ್ಕದಲ್ಲಿ ಶೇಕಡಾ 78 ‘ಉತ್ತಮ’ ಅಥವಾ ‘ಅತ್ಯುತ್ತಮ’. ಪಾದದ ತೊಂದರೆಯಿಲ್ಲದೆ ಹುಟ್ಟಿದವರನ್ನೂ ಅದೇ ಲೆಕ್ಕದಲ್ಲಿ ಅಳೆದಾಗ ಅವರಿಗೆ ಬಂದದ್ದು ಶೇಕಡಾ 85.