ಸಾವಿನ ಬರಹಕ್ಕೆ ಓದುಗರು ಯಾರು?

ಬಿ. ಎಲ್. ರೈಸ್ ಅವರು 1903ರಲ್ಲಿ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ'ದ 11ನೆಯ ಸಂಪುಟ ಚಿತ್ರದುರ್ಗ ಸೀಮೆಯ ಶಾಸನಗಳದು. ಹಿರಿಯೂರು, ಹೊಳಲ್ಕೆರೆ ಕಡೆಯ ವೀರಗಲ್ಲುಗಳೂ ಅದರಲ್ಲಿವೆ. ಅವುಗಳಲ್ಲಿ ಅರಸನ ಹೆಸರನ್ನೂ ಶಕವರ್ಷವನ್ನೂ ಹುಡುಕಿ ಪುಸ್ತಕ ಮುಚ್ಚುವವರೇ ಹೆಚ್ಚು. ಅವನ್ನು ಸಾಹಿತ್ಯವೆಂದು ಏಕೆ ಓದಬಾರದು ಎಂಬುದು ನನ್ನ ಪ್ರಶ್ನೆ. ಸಾವಿನ ಬರಹದ ಗುಣವನ್ನು ಅರಿಯಬೇಕಾದರೆ ಅದು ಯಾರಿಗಾಗಿ ಬರೆದದ್ದೆಂದು ಮೊದಲು ಕೇಳಬೇಕು.

ಈಜಿಪ್ಟಿನವರು ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಮರದ ಶವಪೆಟ್ಟಿಗೆಗಳ ಒಳಮೈಯಲ್ಲಿ ಮಂತ್ರಗಳನ್ನು ಬರೆದರು. ಹೊರಗೆ, ತಲೆಯ ಬಳಿ, ಒಂದು ಜೊತೆ ಕಣ್ಣು ಬಿಡಿಸಿದರು. ಒಳಗೆ ಮಗ್ಗುಲಾಗಿ ಮಲಗಿದವನು ಮೂಡುವ ಸೂರ್ಯನನ್ನು ಕಾಣಲೆಂದು. ಕೆಲವೆಡೆ ಹಾವು, ಹಕ್ಕಿಗಳ ಆಕಾರದ ಅಕ್ಷರಗಳನ್ನು ಅರ್ಧಕ್ಕೇ ಬಿಟ್ಟರು. ಅವು ಜೀವ ತಳೆದು ಸತ್ತವನನ್ನು ಬಾಧಿಸಬಾರದಲ್ಲ! ಅಲ್ಲಿ ಓದುಗ ಸತ್ತವನೇ.

ನಮ್ಮ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ವ್ಹೀಲರ್ ಅಗೆಸಿದ ಕಲ್ಲುಗೋರಿಗಳಲ್ಲಿ ಮೂಳೆ, ಮಡಕೆ, ಕಬ್ಬಿಣದ ಆಯುಧಗಳು ಸಿಕ್ಕವು. ಅಲ್ಲಿಯೇ ಬಂಡೆಯ ಮೇಲೆ ಅಶೋಕನ ಶಾಸನವಿದ್ದರೂ ಗೋರಿಗಳಲ್ಲಿ ಸತ್ತವರಿಗಾಗಲಿ ಇದ್ದವರಿಗಾಗಲಿ ಓದಲು ಒಂದು ಸಾಲೂ ಇಲ್ಲ.

ವೀರಗಲ್ಲಿನ ರೀತಿಯೇ ಬೇರೆ. ಅದು ಬಯಲಲ್ಲಿ ನಿಂತು ದಾರಿಹೋಕನನ್ನು ಕರೆಯುತ್ತದೆ. ಕೆಳಗೆ ಕಾಳಗ, ನಡುವೆ ದೇವಕನ್ನೆಯರು, ಮೇಲೆ ಲಿಂಗದ ಅಥವಾ ಜಿನನ ಸನ್ನಿಧಿ. ಆದರೆ ಬದುಕಿದವರಿಗಾಗಿ ಬರೆದದ್ದಕ್ಕೆ ಹೊಗಳಿಕೆಯೇ ಶತ್ರು. ತುರುಗಳನ್ನು ಬಿಡಿಸಿ ಮಡಿದವರೆಲ್ಲ ಒಂದೇ ಅಚ್ಚಿನ ಮಾತಿನಲ್ಲಿ ಸ್ವರ್ಗ ಸೇರುತ್ತಾರೆ, ಮನುಷ್ಯ ಮರೆಯಾಗುತ್ತಾನೆ.

ಈ ಅಚ್ಚನ್ನು ಒಡೆದದ್ದು ಹೆಗ್ಗಡದೇವನಕೋಟೆ ಕಡೆಯ ಬೆಳತೂರಿನಲ್ಲಿರುವ, 1057ರ ದೇಕಬ್ಬೆಯ ಶಾಸನ. ಗಂಡ ಏಚನನ್ನು ತಲಕಾಡಿನಲ್ಲಿ ಅರಸನ ಅಪ್ಪಣೆಯಂತೆ ಕೊಂದ ಸುದ್ದಿ ತಿಳಿದು ಆಕೆ ಬೆಂಕಿಗೆ ಬೀಳಲು ಹೊರಡುತ್ತಾಳೆ. ಹೆತ್ತವರು ಬೇಡವೆಂದು ತಡೆಯುತ್ತಾರೆ. ಆಕೆ ಕೇಳುವುದಿಲ್ಲ. ಕವಿಯ ಉದ್ದೇಶ ಆಕೆಯನ್ನು ಕೊಂಡಾಡುವುದು. ಆ ಕೊಂಡಾಟವನ್ನು ನಾನು ಒಪ್ಪಲಾರೆ. ಆದರೆ ತಡೆದವರನ್ನೂ ಆತ ಕಲ್ಲಿನಲ್ಲಿ ಉಳಿಸಿದ್ದಾನೆ. ಬೆಂಕಿಯ ಹೊಗಳಿಕೆಯ ನಡುವೆಯೇ ಮಗಳು ಉಳಿಯಲೆಂಬ ಮೊರೆ ಕೇಳಿಸುತ್ತದೆ. ನನ್ನ ಮಟ್ಟಿಗೆ ಕಾವ್ಯವಿರುವುದು ಅಲ್ಲಿ.

ಚಿತ್ರದುರ್ಗ, ಹೊಸದುರ್ಗಗಳ ಕಲ್ಲುಗಳಿಗೂ ಈ ಕಿವಿಗೊಡಬೇಕು. ಇಸವಿಯನ್ನು ಗುರುತು ಹಾಕಿಕೊಂಡ ಮೇಲೆ ಇನ್ನೊಮ್ಮೆ ಮೊದಲಿನಿಂದ ಓದಬೇಕು. ಹೊಗಳಿಕೆಯ ಸಂದಿಯಲ್ಲಿ ಯಾರಾದರೂ ಅಳುತ್ತಿರಬಹುದು.